ಬಾಗೂರಿಗೂ ದಿಲ್ಲಿಗೂ ಒಂದೇ ದೂರ

ಮೊನ್ನೆ ದಿಲ್ಲಿಯಿಂದ ಅಕ್ಕನ ಮಗಳು ಫೋನು ಮಾಡಿ, "ಚಿಕ್ಕಮ್ಮ, ಇಲ್ಲಿ ತಿಂಡಿ ತಿಂದು ವಿಮಾನ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಬೆಂಗಳೂರಲ್ಲಿರ್ತೀನಿ" ಎಂದಳು. ಸಾರಿಗೆ ಬೇಳೆ ಎಷ್ಟು ಹಾಕಲಿ ಎಂದು ಯೋಚಿಸುವ ಬದಲು ನಾನು ನಕ್ಕುಬಿಟ್ಟೆ. ಕಾರಣ ಹೇಳದಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಹೊಳೆನರಸೀಪುರದಲ್ಲಿ ನಮ್ಮಪ್ಪನಿಗೆ ಕೊಬ್ಬರಿ ವ್ಯಾಪಾರ. ಇವಳ ಅಮ್ಮ, ನಮ್ಮ ಗೌರಕ್ಕನಿಗೆ ಎರಡು ಸಂಬಂಧ ಬಂದಿದ್ದವು. ಒಂದು, ನಮ್ಮ ಜಿಲ್ಲೆಯದೇ ಬಾಗೂರಿನ ದೊಡ್ಡ ಜಮೀನಿನ ಮನೆ. ಇನ್ನೊಂದು, ಅರಕಲಗೂಡಿನ ಹುಡುಗ, ದಿಲ್ಲಿಯಲ್ಲಿ ಗುಮಾಸ್ತ. ಹೆಣ್ಣು ನೋಡಲು ಬಂದ ದಿನ ಈ ಗುಮಾಸ್ತರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ನೀವು ಏನು ಓದ್ತೀರಿ?" ಎಂದು ನೇರವಾಗಿ ಅಕ್ಕನನ್ನೇ ಕೇಳಿದ್ದರು. ಹಾಡು ಬರುತ್ತದೆಯೇ ಎಂದು ಕೇಳದೆ ಹೋದ ಗಂಡು ಅವರೊಬ್ಬರೇ.

ಅಪ್ಪನದು ಒಂದೇ ಮಾತು. "ದಿಲ್ಲಿಗೆ ರೈಲಲ್ಲಿ ಮೂರು ದಿನ ಕಣವ್ವ. ಕಷ್ಟ ಸುಖ ಅಂದ್ರೆ ನಾನು ಎಂಗೆ ಬರ್ಲಿ?"

ಅಕ್ಕ ಎದುರಾಡಲಿಲ್ಲ. ಪೇಪರಿನ ಜಾಹೀರಾತಿನಲ್ಲಿದ್ದ ವಿಳಾಸ ನೋಡಿ ಬೆಂಗಳೂರಿನ ವಿಮಾನದ ಆಫೀಸಿಗೆ ಕಾರ್ಡು ಬರೆದಳು. ಹದಿನೈದು ದಿನಕ್ಕೆ ಅಚ್ಚಾದ ವೇಳಾಪಟ್ಟಿ ಬಂತು. ಅಡಿಗೆಮನೆಯಲ್ಲಿ ಕೂತು ಇಬ್ಬರೂ ಓದಿದೆವು: ಬೆಳಿಗ್ಗೆ ಬೆಂಗಳೂರು, ನಡುವೆ ಎರಡು ಕಡೆ ಇಳಿದು ಎದ್ದು, ಸಂಜೆಗೆ ದಿಲ್ಲಿ. ಭೂಗೋಳದಲ್ಲಿ ಎಂದೂ ಪಾಸಾಗದ ನನಗೂ ಮೈ ಜುಮ್ಮೆಂದಿತು.

ಅದೇ ವಾರ ಅಪ್ಪ ಬಾಗೂರಿನವರ ಮನೆ ನೋಡಿಬರಲು ಹೊರಟರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಚನ್ನರಾಯಪಟ್ಟಣ ಮುಟ್ಟುವುದರೊಳಗೆ ಎರಡು ಸಲ ಕೆಟ್ಟು ನಿಂತಿತಂತೆ. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ. ಕೋಳಿ ಕೂಗುವಾಗ ಹೊರಟವರು ಬಾಗೂರು ಸೇರಿದ್ದು ದೀಪ ಹಚ್ಚುವ ಹೊತ್ತಿಗೆ. ಮಾರನೆಯ ದಿನ ವಾಪಸಾದದ್ದೂ ಹಾಗೆಯೇ. ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕೂತವರ ಮುಂದೆ ಅಕ್ಕ ನೀರಿನ ಚೆಂಬಿಟ್ಟು, ಪಕ್ಕದಲ್ಲಿ ವೇಳಾಪಟ್ಟಿ ಇಟ್ಟು, ಅದರಲ್ಲಿದ್ದದ್ದನ್ನು ಓದಿ ಹೇಳಿದಳು.

"ಬಾಗೂರ್ಗೂ ಒಂದು ದಿನ, ದಿಲ್ಲಿಗೂ ಒಂದು ದಿನ. ಎರಡೂ ಒಂದೇ ದೂರ ಅಲ್ವೇನಪ್ಪ?"

ಅಪ್ಪ ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದರು. "ಗುಮಾಸ್ತನ ಸಂಬಳದಲ್ಲಿ ನೀನು ಇಮಾನ ಅತ್ತೀಯಾ?"

"ಇಲ್ಲ."

"ನಾನು ಅತ್ತೀನಾ?"

"ಇಲ್ಲ." ಅಕ್ಕನ ದನಿ ಸಣ್ಣದಾಗಿತ್ತು.

"ಮತ್ತೆ, ಆ ಹುಡುಗ ಬೇಕು ಅಂತ ನೆಟ್ಟಗೆ ಏಳಕ್ಕೇನಾಗಿತ್ತು ನಿಂಗೆ? ಬಾಗೂರ್ಗಂಟ ಸುತ್ತಿಸ್ಬುಟ್ಯಲ್ಲವ್ವ ನನ್ನ."

ಬಾಗಿಲ ಹಿಂದೆ ನಿಂತಿದ್ದ ನಾನು ಕಿಸಕ್ಕನೆ ನಕ್ಕು, ಅವ್ವನಿಂದ ತಲೆಗೆ ಮೊಟಕಿಸಿಕೊಂಡೆ. ಅವ್ವನೂ ನಗುತ್ತಿದ್ದಳು.

ಆಷಾಢ ಕಳೆದು ಮದುವೆಯಾಯಿತು. ಗಂಡಹೆಂಡತಿ ಹೊರಟದ್ದು ರೈಲಿನಲ್ಲೇ. ಆಮೇಲೆ ಅಪ್ಪ ವರ್ಷಕ್ಕೊಮ್ಮೆ ಕೊಬ್ಬರಿಯ ಚೀಲ ಹೊತ್ತು, ಮೂರು ದಿನ ಮೂರನೇ ಕ್ಲಾಸಿನ ಹಲಗೆಯ ಮೇಲೆ ಕೂತು ದಿಲ್ಲಿಗೆ ಹೋಗಿಬರುತ್ತಿದ್ದರು. ಸೊಂಟನೋವಿನ ಮಾತನ್ನೇ ಎತ್ತುತ್ತಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನೆನಪಾಯಿತು: ನಮ್ಮ ಮನೆಯಿಂದ ಎರಡು ಬೀದಿ ಆಚೆ ನನ್ನ ವಾರಗಿತ್ತಿ ಇದ್ದಾಳೆ. ಮಂಡಿನೋವು, ನಡೆಯಲಾಗದು ಎಂದು ನೆಪ ಹೇಳಿ, ನಾನು ಅಲ್ಲಿಗೆ ಹೋಗಿ ವರ್ಷವಾಯಿತು. ಕಾಗದ ಪೆನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ. ಹನ್ನೆರಡು ನಿಮಿಷ ಹಿಡಿಯಿತು. ಈ ಸಾಲು ಬರೆಯುತ್ತಿರುವುದು ಅವಳ ಮನೆಯಲ್ಲೇ ಕೂತು; ಅವಳು ಕಾಫಿಗೆ ಇಟ್ಟಿದ್ದಾಳೆ.