ತಲೆಕೆಳಗಾದ ಕೆಸರು

ವಸುಧಾ, ನಾಲ್ಕನೆಯ ಕೊಳವೆಯ ಮುಚ್ಚಳಗಳನ್ನು ಅದಲುಬದಲು ಮಾಡಿದವಳು ನಾನು. ತಪ್ಪು ನಿನ್ನದಲ್ಲ. ಏಳು ವರ್ಷದಿಂದ ಈ ಮಾತನ್ನು ನುಂಗಿಕೊಂಡೇ ಇದ್ದೇನೆ.

ಪುಣೆಯ ಆ ಪ್ರಯೋಗಾಲಯಕ್ಕೆ ನಾವಿಬ್ಬರೂ ಒಂದೇ ವಾರ ಸೇರಿದೆವು—ನೀನು ಬೆಳಗಾವಿಯವಳು, ನಾನು ಧಾರವಾಡದವಳು. ಕೆರೆಯ ತಳದ ಕೆಸರನ್ನು ಕೊಳವೆಗಳಲ್ಲಿ ತಂದು, ಭೂಮಿಯ ಕಾಂತಕ್ಷೇತ್ರ ಹಿಂದೆ ಹೇಗೆ ಬದಲಾಗಿತ್ತು ಎಂದು ಅಳೆಯುವುದು ನಮ್ಮ ಕೆಲಸ. ಕಬ್ಬಿಣದ ಅಂಶವಿರುವ ಸಣ್ಣ ಕಣಗಳು ನೀರಿನಲ್ಲಿ ಇಳಿಯುವಾಗ ಆಗಿನ ಕಾಂತಕ್ಷೇತ್ರದ ದಿಕ್ಕಿಗೆ ತಿರುಗುತ್ತವೆ. ಮೇಲೆ ಹೊಸ ಕೆಸರು ಬಿದ್ದಂತೆ ಹಾಗೆಯೇ ಉಳಿದುಬಿಡುತ್ತವೆ. ಕೊಳವೆಯ ಮೇಲುಕೆಳಗು ತಪ್ಪಿದರೆ ಅಳತೆಯೂ ತಲೆಕೆಳಗು; ಅದಕ್ಕೇ ಅದರ ಮೇಲಿನ ತುದಿಗೆ ಕೆಂಪು ಮುಚ್ಚಳ, ಕೆಳಗಿನದಕ್ಕೆ ಕಪ್ಪು.

ನಿನ್ನ ಕೆಲಸ ಅಷ್ಟು ಅಚ್ಚುಕಟ್ಟು. ನಮ್ಮ ಮಾರ್ಗದರ್ಶಕರಾದ ಸರ್ ನನ್ನ ಗ್ರಾಫುಗಳನ್ನು ಬದಿಗೆ ಸರಿಸಿ ನಿನ್ನವನ್ನು ಬಂದವರಿಗೆಲ್ಲ ತೋರಿಸುವಾಗ ನಾನೂ ನಕ್ಕು ತಲೆಯಾಡಿಸುತ್ತಿದ್ದೆ—ಒಳಗೆ ಮಾತ್ರ... ವಿದೇಶದ ಸಮ್ಮೇಳನಕ್ಕೆ ನಿನ್ನ ಹೆಸರು ಹೋದ ದಿನ ನೀನು ಕ್ಯಾಂಪ್ ಪೇಟೆಯ ಬೇಕರಿಯಿಂದ ಕೇಕು ತಂದು ಮೊದಲ ತುಂಡನ್ನು ನನಗೇ ಕೊಟ್ಟೆ. ಅದನ್ನು ತಿಂದೆ. ಕೈ ತೊಳೆದುಕೊಂಡೆ. ನೀನು ಊಟಕ್ಕೆ ಹೋದಾಗ ಮುಚ್ಚಳಗಳನ್ನು ಬದಲಿಸಿದೆ.

ಮರುದಿನವೇ ನಿನಗೆ ಗೊತ್ತಾಗುತ್ತದೆ, ಒಂದಿಷ್ಟು ಬೈಸಿಕೊಳ್ಳುತ್ತೀ ಎಂದುಕೊಂಡಿದ್ದೆ. ನೀನು ಮುಚ್ಚಳಗಳನ್ನು ನಂಬಿದೆ. ಅಳತೆಯಲ್ಲಿ ಆ ಒಂದು ಕೊಳವೆಯ ಕೆಸರಿನಲ್ಲಿ ಕಾಂತಕ್ಷೇತ್ರ ಪೂರ್ತಿ ತಲೆಕೆಳಗಾಗಿತ್ತು! ಹೊಸದೇನೋ ಸಿಕ್ಕಿತೆಂದು ಸರ್ ಎಲ್ಲರಿಗೂ ಹೇಳಿಕೊಂಡು ಬಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು—ಬಿಡಲಿಲ್ಲ. ಅದೇ ಕೆರೆಯಿಂದ ಮತ್ತೆ ಕೆಸರು ತಂದು ಅಳೆದಾಗ ಅಂಥದ್ದೇನೂ ಇರಲಿಲ್ಲ. ಮೇಲೆ ಕೆಳಗೆ ತಿಳಿಯದವಳಿಗೆ ಇಲ್ಲೇನು ಕೆಲಸ ಎಂದು ಸರ್ ಎಲ್ಲರೆದುರು ನಿನ್ನನ್ನು ಕೇಳಿದರು.

ಆ ಸಂಜೆ ನೀನು ನನ್ನ ಮೇಜಿನ ಹತ್ತಿರ ಬಂದೆ.

"ನಾನಽ ಉಲ್ಟಾ ಇಟ್ಟಿರಬೇಕು. ನೀ ಬಾಜೂಕಽ ಇದ್ದಿ. ಏನರ ನೋಡಿದ್ದೇನು?"

"ಇಲ್ಲ," ಅಂದೆ. "ನಾ ಲಕ್ಷ್ಯ ಕೊಟ್ಟಿದ್ದಿಲ್ಲ."

ತಿಂಗಳೊಳಗೆ ನೀನು ಸಂಶೋಧನೆಯನ್ನೇ ಬಿಟ್ಟೆ. ಸಮ್ಮೇಳನಕ್ಕೆ ನಾನು ಹೋದೆ. ಅಲ್ಲಿ ಯಾರೋ ಕೇಳಿದ ಪ್ರಶ್ನೆಗೆ ತಡವರಿಸುವಾಗ, ನೀನಾಗಿದ್ದರೆ ಥಟ್ಟನೆ ಉತ್ತರಿಸುತ್ತಿದ್ದೆ ಅನ್ನಿಸಿ—ನಾಚಿಕೆಯಾಗಲಿಲ್ಲ, ವಸುಧಾ. ಮತ್ತೆ ಹೊಟ್ಟೆಕಿಚ್ಚೇ ಆಯಿತು.

ಕಳೆದ ತಿಂಗಳು ಕಾತ್ರಜದ ಬಸ್ ನಿಲ್ದಾಣದಲ್ಲಿ ನೀನು ಬೆಳಗಾವಿಯ ಬಸ್ಸಿಗೆ ಕಾಯುತ್ತಿದ್ದೆ. ಯಾವುದೋ ಆಫೀಸಿನಲ್ಲಿ ಗುಮಾಸ್ತೆಯಾಗಿರುವುದಾಗಿ ನೀನು ಹೇಳಿದೆ. ಆಮೇಲೆ ನಗುತ್ತಲೇ ಹೇಳಿದೆ: "ಮನಿ ಕೀಲಿ ಹಾಕಿದರೂ ಮೂರು ಸಲ ಹೊಳ್ಳಿ ಬಂದು ನೋಡತೇನಿ. ನನ್ನ ಮ್ಯಾಲ ನನಗಽ ಭರೋಸಾ ಉಳಿದಿಲ್ಲ."

ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಕೇಳಿದೆ. ಬಸ್ಸು ಬಂತು.

ಇಂದು ಬೆಳಿಗ್ಗೆ ಇಷ್ಟನ್ನೂ ಸರ್‌ಗೆ ಬರೆದುಕೊಟ್ಟು ಬಂದಿದ್ದೇನೆ. ನನ್ನ ಕೆಲಸ ಉಳಿಯಲಿಕ್ಕಿಲ್ಲ, ಉಳಿಯಬೇಕಾದದ್ದೂ ಅಲ್ಲ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಬಸ್ ಹತ್ತುವಾಗ "ಒಮ್ಮೆ ಮನಿಗೆ ಬಾ" ಅಂದೆಯಲ್ಲ—ಯಾರನ್ನು ಕರೆಯುತ್ತಿದ್ದೀ ಎಂದು ಗೊತ್ತಿಲ್ಲದೆ ಕರೆದೆ. ಆ ಮಾತನ್ನು ವಾಪಸು ತಗೊ.