ನಡುನೀರಲ್ಲಿ ನಿಂತ ದೋಣಿ ಹಾಡು

ಸಾಗರದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ ಮೈಕ್‌ಸೆಟ್ಟಿನ ಬ್ಯಾಟರಿಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕೂತಿದ್ದೆ. ಜನಪದ ಧಾಟಿಯಲ್ಲಿ ತಾನೇ ಹಾಡು ಕಟ್ಟಿ ಹಾಡುವ ಗಾಯಕನೊಬ್ಬನ ಕಾರ್ಯಕ್ರಮ ಅಲ್ಲಿತ್ತು. ಹೋದ ವರ್ಷ ಹೊಸನಗರದಲ್ಲಿ ಅವನು ಹಾಡುತ್ತಿರುವಾಗಲೇ ನನ್ನ ಬ್ಯಾಟರಿ ಕೈಕೊಟ್ಟಿತ್ತು. ಈ ಸಲ ಹಾಗಾಗದಿರಲಿ ಎಂದು ಮಾರಿಕಾಂಬೆಗೆ ಹರಕೆ ಹೊತ್ತಿದ್ದೆ.

ಮುಂದಿನ ಸೀಟಿನಲ್ಲಿ ಅವನ ಅಭಿಮಾನಿಗಳಿಬ್ಬರು ಮಾತಿಗಿಳಿದಿದ್ದರು.

“ಎಲ್ರೂ ಬರೀ ಅವನ ಗಾಡಿ ಹಾಡು ಕೇಳ್ತಾರೆ. ದೋಣಿ ಹಾಡಿನ ಬೆಲೆ ಯಾರಿಗೂ ಗೊತ್ತಿಲ್ಲ ಮಾರಾಯ,” ಅಂದ ಒಬ್ಬ.

“ನೀನು ಹೊಸನಗರಕ್ಕೆ ಬಂದಿದ್ಯಾ?” ಅಂದ ಇನ್ನೊಬ್ಬ. “ದೋಣಿ ನಡುನೀರಿಗೆ ಬಂತು ಅನ್ನೋ ಸಾಲಲ್ಲಿ ದನಿ ನಿಲ್ಲಿಸಿಬಿಟ್ಟ. ತುಟಿ ಮಾತ್ರ ಅಲ್ಲಾಡ್ತಿತ್ತು! ಉಳಿದದ್ದನ್ನ ನಾವೇ ಹಾಡಿ ದಡ ಮುಟ್ಟಿಸಿದ್ವಿ. ಇವತ್ತೂ ಅಲ್ಲೇ ನಿಲ್ಲಿಸದಿದ್ರೆ ನಾವು ಬಿಡೋರಲ್ಲ.”

ಅಷ್ಟರಲ್ಲಿ ಅವನ ಕಣ್ಣು ನನ್ನ ಬ್ಯಾಟರಿ ಮೇಲೆ ಬಿತ್ತು. “ಓ, ಮೈಕಿನವ್ರಾ? ಅವತ್ತು ಹತ್ತಿರದಿಂದ ನೋಡಿರ್ತೀರಿ. ಹೆಂಗಿತ್ತು ಹೇಳಿ!”

ನಾನು ಬ್ಯಾಟರಿಯನ್ನು ಇನ್ನಷ್ಟು ಒಳಕ್ಕೆಳೆದುಕೊಂಡೆ. “ನನಗಂತೂ ಕೈಕಾಲು ತಣ್ಣಗಾಗಿತ್ತು,” ಅಂದೆ.

“ನೋಡ್ದ್ಯಾ!” ಅಂತ ಅವನು ಗೆಳೆಯನ ತೊಡೆ ತಟ್ಟಿದ.

ರಿಪ್ಪನ್‌ಪೇಟೆ ದಾಟುವ ಹೊತ್ತಿಗೆ ನನಗೆ ಹೊಸ ಚಿಂತೆ ಹತ್ತಿತ್ತು: ಹೊತ್ತ ಹರಕೆಯನ್ನು ದೇವಿಯ ಹತ್ತಿರ ವಾಪಸ್ ಕೇಳೋದು ಹೇಗೆ?