ಮದ್ದೂರಿನ ಪೆಟ್ಟಿಗೆ, ಕೊಲಂಬೊ ಪೆಟ್ಟಿಗೆ

ನಮ್ಮ ಸಾಹೇಬರ ರೆಪ್ಪೆಗೂದಲ ಮೇಲೆ ಸದಾ ಕಂದು ಪುಡಿ ಕೂತಿರುತ್ತಿತ್ತು. ನಕ್ಕರೆ ಉದುರುತ್ತಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ನಾರಿನ ಕಾರ್ಖಾನೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆಯಂತೆ ಒತ್ತಿ, ಕಂಟೇನರಿಗೆ, ಅವರ ಮಾತಲ್ಲಿ ಪೆಟ್ಗೆಗೆ, ತುಂಬಿ ಹಾಲೆಂಡಿಗೆ ಕಳಿಸುತ್ತಿದ್ದರು. ಅಲ್ಲಿ ಅದರಲ್ಲಿ ಟೊಮೆಟೊ ಬೆಳೆಯುತ್ತಾರಂತೆ.

ಮಂಡ್ಯದಲ್ಲಿ ಬಿಕಾಂ ಮುಗಿಸಿ ಹನಕೆರೆಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಇಂಗ್ಲಿಷ್ ಪತ್ರ ಬರೆಯಲು ಸೇರಿಸಿಕೊಂಡವರು ಅವರೇ. ಕೇಳಿದ್ದು ಒಂದೇ ಮಾತು: "ಸುಳ್ ಬರ್ಯಾಕ್ ಬತ್ತದಾ ನಿಂಗೆ?" ಇಲ್ಲ ಎಂದೆ. "ಅಂಗಾರೆ ನಾಳಿಂದ ಬಾ ಕಣವ್ವಾ" ಎಂದರು.

ಒಂದು ದಿನ ಹಾಲೆಂಡಿನವರ ಪತ್ರ ಬಂತು. ಅವರು ಅರ್ಧ ಮಾಲು ನಮ್ಮಿಂದ, ಅರ್ಧ ಶ್ರೀಲಂಕಾದಿಂದ ತರಿಸುತ್ತಿದ್ದರು. ಎರಡೂ ದೇಶದ ದರ ಹೋಲಿಸಿದ್ದೇವೆ, ಲಂಕೆಯದೇ ಅಗ್ಗ, ನಿಮ್ಮ ಮುಂದಿನ ಕಂಟೇನರಿನಲ್ಲೂ ದರ ಇಳಿಯದಿದ್ದರೆ ಪೂರ್ತಿ ಅಲ್ಲಿಂದಲೇ ಎಂದು ಬರೆದಿದ್ದರು. ನಮ್ಮ ಕಣದಲ್ಲಿ ಪುಡಿ ಒಣಗಿಸುವ ಇಪ್ಪತ್ತು ಹೆಂಗಸರ ಕೆಲಸ ಆ ಪತ್ರದ ಮೇಲೆ ನಿಂತಿತ್ತು.

ಸಾಹೇಬರು ಏನು ಮಾಡಿದರು ಗೊತ್ತೇ? ಆ ಲಂಕೆಯ ವ್ಯಾಪಾರಿಗೇ ಫೋನ್ ಹಚ್ಚಿ ಹರಕು ತಮಿಳಿನಲ್ಲಿ ಅವನ ಖರ್ಚು ಕೇಳಿದರು! ಅವನೋ, ಒಂದನ್ನೂ ಮುಚ್ಚಿಡದೆ ಹೇಳಿದ. ಹಿಂದೆ ಅಲ್ಲಿ ಡೀಸೆಲ್ಲೇ ಸಿಗದಾಗ ಅವನ ಪಾಲಿನ ಆರ್ಡರು ನಮಗೆ ಬಂದಿತ್ತು. ಅದನ್ನು ಒಪ್ಪದೆ, ಇನ್ನೊಂದು ತಿಂಗಳು ಅವನಿಗಾಗಿ ಕಾಯಿರಿ ಎಂದು ಸಾಹೇಬರೇ ಹಾಲೆಂಡಿನವರಿಗೆ ನನ್ನ ಕೈಲಿ ಬರೆಸಿದ್ದರು.

ಕಂಪ್ಯೂಟರಿನ ಲೆಕ್ಕ ಅವರಿಗೆ ರುಚಿಸದು. ಕಣದಲ್ಲಿ ಕುಕ್ಕರುಗಾಲಲ್ಲಿ ಕೂತು ಪುಡಿಯ ಇಟ್ಟಿಗೆಗಳನ್ನೇ ಎರಡು ಸಾಲು ಜೋಡಿಸಿದರು, ಒಂದು ನಮ್ಮ ಖರ್ಚು, ಇನ್ನೊಂದು ಲಂಕೆಯವನದು. ಲಾರಿಗಿಷ್ಟು, ಬಂದರಿಗಿಷ್ಟು, ಹಡಗಿಗಿಷ್ಟು. ನಮ್ಮ ಸಾಲು ಮೂರು ಇಟ್ಟಿಗೆ ಉದ್ದವಾಯಿತು.

"ಅವ್ನಿಗೆ ಮನೆ ಮುಂದ್ಲೇ ಸಮುದ್ರ ಕಣವ್ವಾ. ನಮ್ಗೆ ಬೆಂಗ್ಳೂರಿಂದ ಖಾಲಿ ಪೆಟ್ಗೆ ತರಾಕೂ ಬಾಡ್ಗೆ, ತುಂಬಿ ಚೆನ್ನೈಗೆ ಕಳ್ಸಾಕೂ ಬಾಡ್ಗೆ."

ನೋಡುತ್ತ ನಿಂತಿದ್ದ ಹೆಂಗಸೊಬ್ಬಳು, "ನಮ್ ಕೂಲೀಲಿ ಮುರ್ಕೊಳಿ ಸಾಯೇಬ್ರೇ, ಕೆಲ್ಸ ಉಳುದ್ರೆ ಸಾಕು" ಎಂದಳು.

"ಬಾಯ್ ಮುಚ್ಚಮ್ಮಿ! ನಿಮ್ ಒಟ್ಟೆ ಮ್ಯಾಲ್ ಒಡ್ದು ಪೆಟ್ಗೇನ ಹಡಗಿಗ್ ಅತ್ತುಸ್ಲಾ ನಾನು?" ಅಷ್ಟು ಕೋಪ ಅವರಲ್ಲಿ ನಾನು ಕಂಡಿದ್ದು ಅದೊಂದೇ ಸಲ.

ಮರುದಿನ ಲಂಕೆಯವನೇ ಫೋನ್ ಮಾಡಿದ. ಎಷ್ಟು ದಿನ ಒಣಗಿಸುತ್ತೀರಿ ಎಂದು ಕೇಳಿದ. ಎರಡು ದಿನ ಎಂದರು ಸಾಹೇಬರು. "ಇನ್ನೂ ಒಂದು ಬಿಸಿಲು ಕೊಡಿ. ನೀವು ನೀರಿಗೆ ಬಾಡಿಗೆ ಕಟ್ಟುತ್ತಿದ್ದೀರಿ" ಎಂದ. ಕಂಟೇನರಿನ ತೂಕಕ್ಕೆ ಮಿತಿಯಿದೆ; ಇಟ್ಟಿಗೆಯ ತೇವ ಹೋದರೆ ಅದೇ ತೂಕಕ್ಕೆ, ಅದೇ ಬಾಡಿಗೆಗೆ ಹೆಚ್ಚು ಇಟ್ಟಿಗೆ ಹಿಡಿಯುತ್ತವೆ. ಸುಮ್ಮನಿದ್ದಿದ್ದರೆ ಪೂರ್ತಿ ಆರ್ಡರು ಅವನದಾಗುತ್ತಿತ್ತು.

ಸಾಹೇಬರು ಹಣೆ ಚಚ್ಚಿಕೊಂಡರು. "ನನ್ ಬುದ್ಧಿಗ್ ಬೆಂಕಿ ಆಕ! ಇಷ್ಟ್ ವರ್ಸ ನೀರ್ನೂ ಲಾರಿ ಅತ್ಸುದ್ನಲ್ಲಾ!"

ಮೂರನೆಯ ದಿನದ ಬಿಸಿಲಿನಲ್ಲಿ ಹೆಂಗಸರ ಜೊತೆ ತಾವೂ ನಿಂತು ಪುಡಿ ಕೆದಕಿದರು. ಉಳಿದ ಬಾಡಿಗೆಯಷ್ಟು ದರ ಇಳಿಸಿ ನಾನು ಪತ್ರ ಬರೆದೆ, ಕಂಟೇನರು ಹೋಯಿತು. ಕೆಂಪು ಸಮುದ್ರದ ಕಡೆ ಗಲಾಟೆ ಅಂತ ಹಡಗು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಬಂದ ತಕ್ಷಣ, "ಎಲ್ಲಿಗೋಯ್ತವ್ವಾ ಪೆಟ್ಗೆ?" ಎಂದು ಕೇಳುವರು. ನಾನು ಫೋನಿನಲ್ಲಿ ಹಡಗು ಹುಡುಕಿ ಹೇಳುವೆ. ಅದು ಆಫ್ರಿಕಾದ ತುದಿ ದಾಟಿದ ದಿನ ಹೇಳಲೆಂದು ಓಡಿ ಬಂದರೆ ಗೇಟಿನ ಮುಂದೆ ಜನ ನಿಂತಿದ್ದರು. ಬೆಳಗಿನ ಜಾವ ಸಾಹೇಬರಿಗೆ ಎದೆನೋವು ಬಂದು, ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ನನಗೆ ಕೆಲಸ ಕಲಿಸಿದವರು, ಧೈರ್ಯ ಕಲಿಸಿದವರು. ಈಗಲೂ ಬೆಳಿಗ್ಗೆ ಆ ಪ್ರಶ್ನೆಗೆ ಕಿವಿ ಕೊಟ್ಟು ಕೂತಿರುತ್ತೇನೆ.

ಸುಮಾರು ಮೂರು ವಾರಕ್ಕೆ ಹಾಲೆಂಡಿನಿಂದ ಪತ್ರ ಬಂತು. ದರ ಒಪ್ಪಿಗೆ, ಮುಂದಿನ ವರ್ಷವೂ ನಿಮ್ಮ ಅರ್ಧ ನಿಮಗೇ. ಕಣದಲ್ಲಿ ಓದಿ ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಲಂಕೆಗೆ ಫೋನ್ ಮಾಡಿದೆ. ಸಾವಿನ ಸುದ್ದಿ ಅವನಿಗೆ ತಿಳಿಸುವ ಧೈರ್ಯ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ. ಆರ್ಡರು ಉಳಿಯಿತು ಎಂದಷ್ಟೇ ಹೇಳಿದೆನೋ ಇಲ್ಲವೋ, ಅವನು ಸಂತೋಷದಿಂದ ಕೂಗಿಕೊಂಡ.

"ಸಾಹೇಬರಿಗೆ ನೀನು ಹೇಳಬೇಡಮ್ಮಾ. ಫೋನು ಅವರ ಕೈಗೆ ಕೊಡು, ನಾನೇ ಹೇಳುತ್ತೇನೆ."